ಬೆಳಗಿನ ಎರಡು ತಾಸು: ಬೇಸಿಗೆ ರಜೆಯಲ್ಲಿ ಕಲಬುರಗಿ, ಯಾದಗಿರಿಯ ಹೈಸ್ಕೂಲ್ ಮಕ್ಕಳಿಂದ ಏನು ಕೇಳಬಹುದು?

ಪ್ರತಿ ವರ್ಷ ಬೇಸಿಗೆ ಬಂದಾಗ ಸರ್ಕಾರದಿಂದ ಒಂದು ಆದೇಶ ಹೊರಡುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 43, 44 ಡಿಗ್ರಿ ಮುಟ್ಟುವ ಕಡೆ ಇದು ಬೇಕಾದ್ದೇ. ಆದರೆ ಫ್ಯಾನ್ ಕೆಳಗೆ ಕೂರುವ ದೊಡ್ಡವರ ಬಗ್ಗೆ ಇಷ್ಟು ಕಾಳಜಿ ಇರುವ ನಾವೇ, ಹದಿನಾಲ್ಕು ವರ್ಷದ ಹುಡುಗರ ಕೈಗೆ ಬ್ಯಾನರ್ ಕೊಟ್ಟು ಹನ್ನೊಂದು ಗಂಟೆಯ ಬಿಸಿಲಲ್ಲಿ ಜಾಥಾ ಮಾಡಿಸುತ್ತೇವೆ. ಸಂಜೆ ಹೊತ್ತಿಗೆ ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿರುತ್ತದೆ. ಕೆಳಗೆ "ಸಮಾಜಸೇವೆಯಲ್ಲಿ ವಿದ್ಯಾರ್ಥಿಗಳು" ಅಂತ ಒಂದು ಸಾಲು.

ರಜೆಯಲ್ಲಿ ಹೈಸ್ಕೂಲ್ ಮಕ್ಕಳು ಊರಿಗಾಗಿ ಏನಾದರೂ ಮಾಡಲಿ ಅನ್ನೋ ಮಾತು ನಮ್ಮ ಕಡೆಯೂ ಆಗಾಗ ಕೇಳಿಸುತ್ತದೆ. ಮಾತು ಒಳ್ಳೆಯದೇ. ಆದರೆ ಯಾವ ಕೆಲಸ, ಎಷ್ಟು ಹೊತ್ತು, ಯಾರ ಜವಾಬ್ದಾರಿಯಲ್ಲಿ ಅನ್ನೋದನ್ನ ಯಾರೂ ಕೂತು ಯೋಚಿಸಿದ ಹಾಗೆ ಕಾಣೋದಿಲ್ಲ. ನನ್ನ ಪ್ರಕಾರ ಕಲಬುರಗಿ, ಯಾದಗಿರಿಯಂಥ ಜಿಲ್ಲೆಗಳಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಕೇಳಬಹುದಾದ ಕೆಲಸಗಳಲ್ಲಿ ಒಂದು ಮಾತ್ರ ನಿಜಕ್ಕೂ ದೊಡ್ಡದು. ತಮ್ಮದೇ ಓಣಿಯ ಎರಡು, ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಓದೋಕೆ ಕಲಿಸುವುದು. ಬೆಳಿಗ್ಗೆ ಎರಡು ತಾಸು, ಅಷ್ಟೇ. ಉಳಿದದ್ದೆಲ್ಲ ಇದ್ದರೆ ಇರಲಿ. ಯಾಕೆ ಹೀಗೆ ಹೇಳ್ತೀನಿ ಅನ್ನೋದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ಮೊದಲು ಈ ಕಲ್ಪನೆ ಬೇರೆ ಕಡೆ ಹೇಗಿದೆ ನೋಡೋಣ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹೈಸ್ಕೂಲ್ ಪಾಸಾಗಬೇಕಾದರೆ ಮಕ್ಕಳು 75 ತಾಸು ಸೇವೆಯ ಲೆಕ್ಕ ತೋರಿಸಬೇಕು. ಕೆನಡಾದ ಒಂಟಾರಿಯೊದಲ್ಲಿ 40 ತಾಸು. ಬೇಸಿಗೆಯಲ್ಲಿ ಲೈಬ್ರರಿ, ವೃದ್ಧಾಶ್ರಮ, ಆಸ್ಪತ್ರೆ ಅಂತ ಹೋಗಿ ಆ ಲೆಕ್ಕ ತುಂಬಿಸುವವರು ಬಹಳ. ಮುಂದೆ ಕಾಲೇಜಿಗೆ ಅರ್ಜಿ ಹಾಕುವಾಗಲೂ ಅದು ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಸಿಬಿಎಸ್‌ಇ ಶಾಲೆಗಳಲ್ಲಿ 9ರಿಂದ 12ನೇ ತರಗತಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಜೊತೆ 'ಸೇವಾ' ಅಂತ ಒಂದು ಭಾಗ ಇದೆ. 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ, ವರ್ಷಕ್ಕೆ 120 ತಾಸು, ಏಳು ದಿನದ ವಿಶೇಷ ಶಿಬಿರ. ಆದರೆ ಅದು ಪಿಯುಸಿ ಮತ್ತು ಡಿಗ್ರಿಯವರಿಗೆ. ಹೈಸ್ಕೂಲ್ ಮಕ್ಕಳಿಗೆ ಉಳಿಯೋದು ಸ್ಕೌಟ್ಸ್ ಮತ್ತು ಗೈಡ್ಸ್, ಎನ್‌ಸಿಸಿಯ ಜೂನಿಯರ್ ವಿಭಾಗ, ಸೇವಾದಳ, ಇಕೋ ಕ್ಲಬ್. ಇವೆಲ್ಲ ಶಾಲೆ ನಡೆಯುವಾಗಿನ ಚಟುವಟಿಕೆಗಳು. ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿತ್ತಂದರೆ ಇವುಗಳ ಸಮವಸ್ತ್ರವೂ ಟ್ರಂಕು ಸೇರುತ್ತದೆ.

ಹಾಗಂತ ಸೇವೆ ಮಾಡೋದು ಈ ನೆಲಕ್ಕೆ ಹೊಸದೇನಲ್ಲ. ಬಸವಕಲ್ಯಾಣ ಇರೋದು ಪಕ್ಕದ ಬೀದರ್ ಜಿಲ್ಲೆಯಲ್ಲೇ. ದಾಸೋಹ ಅಂದರೆ ಏನು ಅಂತ ಇಲ್ಲಿನ ಮಕ್ಕಳಿಗೆ ಯಾರೂ ಪಾಠ ಮಾಡಬೇಕಿಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಇರಲಿ, ಬಂದೇ ನವಾಜ್ ದರ್ಗಾದ ಉರುಸು ಇರಲಿ, ಬಂದವರಿಗೆ ನೀರು ಕೊಡೋಕೆ, ಊಟ ಬಡಿಸೋಕೆ ಓಣಿಯ ಹುಡುಗರೇ ಮುಂದೆ ನಿಲ್ಲೋದು. ಅವರ ತಾಸುಗಳನ್ನ ಯಾರೂ ಬರೆದಿಟ್ಟುಕೊಳ್ಳಲ್ಲ. ಸರ್ಟಿಫಿಕೇಟನ್ನೂ ಯಾರೂ ಕೇಳಲ್ಲ.

ಸುಮ್ನೆ ಕೂತಿರೋ ಮಕ್ಕಳು ಎಲ್ಲಿದ್ದಾರೆ?

ಹೊರಗಿನ ಮಾದರಿಯನ್ನ ಹಾಗೇ ತಂದು ಇಲ್ಲಿ ಇಟ್ಟರೆ ಮೊದಲು ಎಡವೋದು ಒಂದು ಊಹೆಯಲ್ಲಿ. ರಜೆಯಲ್ಲಿ ಮಕ್ಕಳು ಖಾಲಿ ಇರ್ತಾರೆ, ಮೊಬೈಲ್ ನೋಡ್ತಾ ಹಾಳಾಗ್ತಾರೆ ಅನ್ನೋ ಊಹೆ. ಕಲಬುರಗಿ ಪೇಟೆಯ ಕೆಲವು ಬಡಾವಣೆಗಳಲ್ಲಿ ಅದು ನಿಜ ಇರಬಹುದು. ಅಫಜಲಪುರ, ಚಿಂಚೋಳಿ, ಶಹಾಪುರ, ಗುರುಮಠಕಲ್ ಕಡೆಯ ಹಳ್ಳಿಗಳಲ್ಲಿ ಹಾಗಲ್ಲ.

ತೊಗರಿ ರಾಶಿ ಮುಗಿದ ಮೇಲೆ ಇಲ್ಲಿಂದ ಎಷ್ಟೋ ಕುಟುಂಬಗಳು ಗುಳೆ ಹೊರಡುತ್ತವೆ. ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆ. ಹೈಸ್ಕೂಲ್ ಓದೋ ಮಗುವನ್ನ ಪರೀಕ್ಷೆ ಮುಗಿಯೋವರೆಗೆ ಅಜ್ಜಿ ಹತ್ತಿರ ಬಿಟ್ಟು ಹೋಗಿರುತ್ತಾರೆ. ಪರೀಕ್ಷೆ ಮುಗಿದ ಮರುದಿನ ಆ ಮಗುವೂ ಬಸ್ಸು ಹತ್ತುತ್ತದೆ. ಊರಲ್ಲೇ ಉಳಿದ ಹುಡುಗಿಯರಿಗೆ ನೀರು ತರೋದು, ರೊಟ್ಟಿ ಬಡಿಯೋದು, ತಮ್ಮ ತಂಗಿಯರನ್ನ ನೋಡಿಕೊಳ್ಳೋದು. ಹುಡುಗರು ಕಿರಾಣಿ ಅಂಗಡಿ, ಗ್ಯಾರೇಜು, ಶಾಮಿಯಾನ. ಮದುವೆ ಸೀಸನ್ ಬೇರೆ, ಬಡಿಸೋಕೆ ಹೋದರೆ ಕೈಗೆ ಒಂದಿಷ್ಟು ರೊಕ್ಕ ಸಿಗುತ್ತದೆ. ಜೂನ್‌ನಲ್ಲಿ ನೋಟ್‌ಬುಕ್, ಬ್ಯಾಗಿಗೆ ಆಗೋದು ಆ ರೊಕ್ಕವೇ. ಇದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅನ್ನೋದಕ್ಕೆ ಕಾನೂನು ಇದೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನ ಕೂಲಿಗೆ ಇಟ್ಟುಕೊಳ್ಳೋ ಹಾಗಿಲ್ಲ, 14ರಿಂದ 18ರವರನ್ನ ಅಪಾಯದ ಕೆಲಸಕ್ಕೆ ಹಚ್ಚೋ ಹಾಗಿಲ್ಲ. ಕಾನೂನು ಏನೇ ಹೇಳಲಿ, ಇಲ್ಲಿನ ಹದಿನೈದು ವರ್ಷದ ಹುಡುಗನ ಏಪ್ರಿಲ್, ಮೇ ಖಾಲಿ ಇರೋದಿಲ್ಲ ಅನ್ನೋದಂತೂ ಖರೆ.

ಹಾಗಾಗಿ ಇಡೀ ದಿನದ ಶಿಬಿರ, ಹದಿನೈದು ದಿನದ ಅಭಿಯಾನ ಅಂತ ಕರೆದರೆ ಬರೋರು ಯಾರು? ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ. ಸರ್ಟಿಫಿಕೇಟೂ ಅವರಿಗೇ, ಫೋಟೊನೂ ಅವರದೇ. ಮನೆಯಲ್ಲಿ ಮೂರು ಮಕ್ಕಳನ್ನ ಸಾಕ್ತಾ ಇರೋ ಒಂಬತ್ತನೇ ಕ್ಲಾಸಿನ ಹುಡುಗಿ ಯಾರ ಪಟ್ಟಿಯಲ್ಲೂ ಸೇರೋದಿಲ್ಲ. ಬೆಳಿಗ್ಗೆ 6.30ರಿಂದ 8.30 ಅಂತ ನಾನು ಹೇಳೋದು ಅದಕ್ಕೇ. ಬಿಸಿಲು ಏರಿರೋದಿಲ್ಲ. ಕೆಲಸಕ್ಕೆ ಹೋಗೋ ಹುಡುಗ ಹೋಗಬಹುದು. ತಂಗಿಯನ್ನ ನೋಡಿಕೊಳ್ಳೋ ಹುಡುಗಿ ತಂಗಿಯನ್ನೂ ಕರಕೊಂಡೇ ಬರಬಹುದು. ಆ ತಂಗಿಯೇ ಅವಳ ಮೊದಲ ವಿದ್ಯಾರ್ಥಿ.

ಬಿಟ್ಟಿ ಕೆಲಸಕ್ಕೆ ಇನ್ನೊಂದು ಹೆಸರು ಆಗಬಾರದು

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ಮಕ್ಕಳ ಸೇವೆ ಅಂದಕೂಡಲೇ ದೊಡ್ಡವರಿಗೆ ನೆನಪಾಗೋದು ಕಸಬರಿಗೆ. ಚರಂಡಿ ಹೂಳು ತೆಗೆಸೋದು, ಶೌಚಾಲಯ ತೊಳೆಸೋದು, ಕಚೇರಿ ಆವರಣ ಗುಡಿಸೋದು, ಗೋಡೆಗೆ ಸುಣ್ಣ ಹೊಡೆಸೋದು. ಇದನ್ನ ಅಳೆಯೋಕೆ ಒಂದು ಸುಲಭದ ಪ್ರಶ್ನೆ ಇದೆ. ಈ ಮಕ್ಕಳು ಬರದೇ ಇದ್ದರೆ ಆ ಕೆಲಸಕ್ಕೆ ಯಾರಿಗಾದರೂ ಪಗಾರ ಕೊಡಬೇಕಾಗಿತ್ತಾ? ಕೊಡಬೇಕಾಗಿತ್ತು ಅಂದರೆ ಅದು ಸೇವೆ ಅಲ್ಲ, ಬಿಟ್ಟಿ ಚಾಕರಿ. ಪೌರಕಾರ್ಮಿಕರ ಕೆಲಸ ಪೌರಕಾರ್ಮಿಕರದ್ದು. ಅದಕ್ಕೆ ಕೈಗವಸು, ಬೂಟು, ಸಂಬಳ ಎಲ್ಲ ಬೇಕು. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರೋಕೆ 18 ತುಂಬಿರಬೇಕು ಅನ್ನೋ ನಿಯಮ ಇಟ್ಟ ಮೇಲೆ, ಸೇವೆ ಹೆಸರಲ್ಲಿ 14ರ ಹುಡುಗನ ಕೈಗೆ ಗುದ್ದಲಿ ಕೊಡೋದು ಯಾವ ನ್ಯಾಯ?

ಕೋಟೆ, ಬಾವಿ ಸ್ವಚ್ಛತೆಯದೂ ಇದೇ ಕಥೆ. ಬೀದರ್ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಕಲಬುರಗಿ ಕೋಟೆ ಎಲ್ಲ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಅಲ್ಲಿ ಹುಲ್ಲು ಕೀಳಬೇಕಾದರೂ ಅವರನ್ನ ಕೇಳಬೇಕು. ಬೀದರ್ ಪಕ್ಕದ ನೌಬಾದಿನ ಕರೇಜ್, ಅಂದರೆ ಬಹಮನಿ ಕಾಲದ ಸುರಂಗ ಕಾಲುವೆ, ನೋಡೋಕೆ ಅದ್ಭುತ. ಒಳಗೆ ಮಕ್ಕಳನ್ನ ಇಳಿಸೋದು ಮಾತ್ರ ಹುಚ್ಚುತನ. ಬೇಸಿಗೆಯಲ್ಲಿ ಈಜೋಕೆ ಅಂತ ಬಾವಿ, ಕೆರೆ, ಕಾಲುವೆಗೆ ಇಳಿದು ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಓದ್ತೀವಿ. ಕೆರೆ ಹೂಳೆತ್ತೋ ಕಾರ್ಯಕ್ರಮ ಹಾಕುವವರು ಇದನ್ನ ಮರೆಯಬಾರದು.

ಓದು ಯಾಕೆ?

ಈಗ ಮುಖ್ಯ ವಿಷಯ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆಯ ಸ್ಥಾನ ಯಾದಗಿರಿಗೆ, ಶೇ 50.59. ಮುಂದಿನ ವರ್ಷ ಆ ಜಾಗಕ್ಕೆ ಕಲಬುರಗಿ ಬಂತು, ಶೇ 42.43. ಅದೇ 2025ರಲ್ಲಿ ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ 91.12. ಫಲಿತಾಂಶ ಬಂದ ವಾರ ಎಲ್ಲರೂ ಹತ್ತನೇ ಕ್ಲಾಸಿನ ಮೇಲೆ ಬೀಳುತ್ತಾರೆ. ವಿಶೇಷ ತರಗತಿ, ರಾತ್ರಿ ಅಭ್ಯಾಸ, ಪಾಸಿಂಗ್ ಪ್ಯಾಕೇಜ್. ಆದರೆ ಹತ್ತನೇ ಕ್ಲಾಸಿನಲ್ಲಿ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಹಿಡಿದು ಪ್ರಶ್ನೆಯನ್ನೇ ಓದೋಕೆ ತಡವರಿಸೋ ಹುಡುಗ ಹಿಂದೆ ಬಿದ್ದದ್ದು ಹತ್ತನೇ ಕ್ಲಾಸಿನಲ್ಲಿ ಅಲ್ಲ. ಅವನು ಮೂರನೇ ಕ್ಲಾಸಿನಲ್ಲೇ ಬಿದ್ದಿದ್ದಾನೆ. ಅಲ್ಲಿಂದ ಏಳು ವರ್ಷ ಯಾರೂ ಎತ್ತಿಲ್ಲ. ಪಾಠ ಮುಂದೆ ಹೋಗ್ತಾ ಹೋಯಿತು, ಅವನು ಬೋರ್ಡು ನೋಡಿ ನಕಲು ಮಾಡ್ತಾ ಕೂತ.

ಮನೆಯ ಕಡೆಯಿಂದಲೂ ಆಸರೆ ಕಡಿಮೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಯಾದಗಿರಿಯದ್ದು ಶೇ 51.83. ಕಲಬುರಗಿ ಶೇ 64.85, ಬೀದರ್ ಶೇ 70.51. ಆಗ ಓದು ಬಾರದೇ ಉಳಿದವರ ಮಕ್ಕಳು, ಮೊಮ್ಮಕ್ಕಳೇ ಈಗ ಶಾಲೆಯಲ್ಲಿರೋದು. "ಮನೇಲಿ ಓದಿಸಿ" ಅಂತ ಟೀಚರ್ ಹೇಳಿದರೆ ಯಾರು ಓದಿಸಬೇಕು? ಆ ಮನೆಯಲ್ಲಿ ಓದು ಬರುವ ಒಬ್ಬರೇ ಒಬ್ಬರು ಅಂದರೆ ಎಷ್ಟೋ ಸಲ ಹೈಸ್ಕೂಲಿಗೆ ಹೋಗೋ ಅಕ್ಕ.

ಆ ಅಕ್ಕ ಏನು ಮಾಡಬಲ್ಲಳು ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡೋಣ. ಮೂರನೇ ಕ್ಲಾಸಿನ ಹುಡುಗನ ಮುಂದೆ ಅವನದೇ ಕನ್ನಡ ಪುಸ್ತಕ ಇಟ್ಟರೆ ಪಟಪಟ ಅಂತ ಓದಿಬಿಡುತ್ತಾನೆ. ದೊಡ್ಡವರಿಗೆ ಖುಷಿ. ಆದರೆ ಅವನ ಬೆರಳು ನೋಡಿ. ಬಾಯಿ ಮೂರನೇ ಸಾಲಿನಲ್ಲಿದ್ದರೆ ಬೆರಳು ಇನ್ನೂ ಮೊದಲನೇ ಸಾಲಿನಲ್ಲೇ ಇರುತ್ತದೆ. ಪಾಠ ಬಾಯಿಪಾಠ ಆಗಿದೆ, ಅಷ್ಟೇ. ಅದೇ ಪುಟದ ಕೊನೆಯ ಸಾಲಿನಿಂದ ಶುರು ಮಾಡು ಅನ್ನಿ, ನಿಂತುಬಿಡುತ್ತಾನೆ. 'ಬಸವ', 'ಕಮಲ' ಬರುತ್ತದೆ. 'ಕೋಳಿ' ಬಂದಾಗ "ಕ... ಕೆ... ಕೊ..." ಅಂತ ಕಾಗುಣಿತದ ಮೆಟ್ಟಿಲು ಹತ್ತಿ ಇಳಿಯುತ್ತಾನೆ. 'ಅಕ್ಕ' ಅನ್ನೋದನ್ನ 'ಅಕ' ಅನ್ನುತ್ತಾನೆ, ಯಾಕಂದರೆ ಕೆಳಗಿನ ಒತ್ತಕ್ಷರದ ಕಡೆ ಕಣ್ಣೇ ಹೋಗೋದಿಲ್ಲ. 'ಎತ್ತು' ಮಾತ್ರ ಸರಿಯಾಗಿ ಹೇಳುತ್ತಾನೆ. ಪಕ್ಕದಲ್ಲಿ ಎತ್ತಿನ ಚಿತ್ರ ಇದೆಯಲ್ಲ! ಚಿತ್ರವನ್ನ ಅಂಗೈಯಿಂದ ಮುಚ್ಚಿ ಓದಿಸಿದಾಗ ಅವನಿಗೆ ಬರೋದೆಷ್ಟು, ಬಾರದಿರೋದೆಷ್ಟು ಅಂತ ಗೊತ್ತಾಗೋದು.

ಇದನ್ನ ಕಂಡುಹಿಡಿಯೋಕೆ ಬಿ.ಇಡಿ ಬೇಕಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಒಂದು ಬೆಳಿಗ್ಗೆ ತೋರಿಸಿಕೊಟ್ಟರೆ ಸಾಕು. ಮಕ್ಕಳ ಕಲಿಕೆಗಾಗಿ ಕೆಲಸ ಮಾಡೋ ಪ್ರಥಮ್ ಸಂಸ್ಥೆ ವರ್ಷಗಳಿಂದ ಬಳಸ್ತಾ ಇರೋ ಪರೀಕ್ಷೆಯೂ ಇಷ್ಟೇ ಸರಳ. ಒಂದು ಹಾಳೆ. ಅದರಲ್ಲಿ ಬಿಡಿ ಅಕ್ಷರ, ಚಿಕ್ಕ ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಒಂದು ಕಥೆ. ಮಗು ಎಲ್ಲಿ ನಿಲ್ಲುತ್ತದೋ ಅದೇ ಅದರ ಗುಂಪು. ಮಗು ಯಾವ ಕ್ಲಾಸಿನಲ್ಲಿದೆ ಅಂತ ನೋಡೋದೇ ಇಲ್ಲ. ನಾಲ್ಕನೇ ಕ್ಲಾಸಿನವನು ಅಕ್ಷರದ ಗುಂಪಿನಲ್ಲಿ ಕೂರಬಹುದು, ಎರಡನೇ ಕ್ಲಾಸಿನವಳು ಕಥೆ ಓದಬಹುದು. ಶಾಲೆ ನಡೆಯುವಾಗ ಪಠ್ಯ ಮುಗಿಸೋ ಒತ್ತಡದಲ್ಲಿರೋ ಟೀಚರಿಗೆ ಹೀಗೆ ಗುಂಪು ಮಾಡೋಕೆ ಪುರುಸೊತ್ತು ಸಿಗೋದು ಕಷ್ಟ. ರಜೆಯಲ್ಲಿ ಆ ಒತ್ತಡ ಇಲ್ಲ.

ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ, ಅದರ ಬಗ್ಗೆ ಮಾತಾಡೋರು ಕಡಿಮೆ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳ ಬಹಳ ಮಕ್ಕಳ ಮನೆಮಾತು ಕನ್ನಡ ಅಲ್ಲ. ತಾಂಡಾಗಳಲ್ಲಿ ಲಂಬಾಣಿ, ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು, ಪೇಟೆಯ ಓಣಿಗಳಲ್ಲಿ ಉರ್ದು, ದಖ್ಖನಿ. ಆರು ವರ್ಷದ ಲಂಬಾಣಿ ಮಗು ಶಾಲೆಗೆ ಬಂದು ಅಕ್ಷರದ ಜೊತೆ ಭಾಷೆಯನ್ನೂ ಕಲಿಯಬೇಕು. ಎಷ್ಟೇ ಒಳ್ಳೆ ಟೀಚರ್ ಇದ್ದರೂ ಅವರಿಗೆ ಲಂಬಾಣಿ ಬರದಿದ್ದರೆ ಆ ಮಗು ಅರ್ಧ ದಿನ ಬರೀ ಮುಖ ನೋಡ್ತಾ ಕೂರುತ್ತದೆ. ಅದೇ ತಾಂಡಾದ ಒಂಬತ್ತನೇ ಕ್ಲಾಸಿನ ಹುಡುಗ ಎರಡೂ ಭಾಷೆಯಲ್ಲಿ ಓಡಾಡಿದವನು. ಕಥೆಯನ್ನ ಲಂಬಾಣಿಯಲ್ಲಿ ಹೇಳಿ, ಪುಸ್ತಕದಲ್ಲಿ ಕನ್ನಡದಲ್ಲಿ ತೋರಿಸಬಲ್ಲ. ತರಬೇತಿಯಿಂದ ಬರೋ ವಿದ್ಯೆ ಇದಲ್ಲ. ಬೆಂಗಳೂರಿನಿಂದ ಯಾವ ಸಂಸ್ಥೆಯವರು ಬಂದರೂ ಇದನ್ನ ತರಲಾರರು.

ಬಂದವರು ಕಲಿತರು, ಬಹಳ ಮಂದಿ ಬರಲೇ ಇಲ್ಲ ಅನ್ನೋದೇ ತೊಂದರೆ

ಸ್ವಯಂಸೇವಕರು ಓದು ಕಲಿಸಿದರೆ ನಿಜಕ್ಕೂ ಬದಲಾವಣೆ ಆಗುತ್ತಾ? ಇದನ್ನ ಸರಿಯಾಗಿ ಅಳೆದು ನೋಡಿದ ಪ್ರಯೋಗ ಒಂದಿದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಪ್ರಥಮ್ ಜೊತೆ ಸೇರಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಇವರಿಬ್ಬರೂ ಇದ್ದಾರೆ. ಹಳ್ಳಿಯ ಯುವಕ ಯುವತಿಯರಿಗೆ ಕೆಲವೇ ದಿನ ತರಬೇತಿ ಕೊಟ್ಟು, ಸಂಬಳ ಇಲ್ಲದೆ ಓದಿನ ಶಿಬಿರ ನಡೆಸಿದರು. ಅಕ್ಷರವೇ ಗೊತ್ತಿಲ್ಲದೆ ಶಿಬಿರಕ್ಕೆ ಬಂದ ಮಕ್ಕಳು ಅಕ್ಷರ ಗುರುತಿಸೋ ಮಟ್ಟಕ್ಕೆ ಬಂದರು. ಅಕ್ಷರ ಗೊತ್ತಿದ್ದವರು ಮುಂದಿನ ಮೆಟ್ಟಿಲು ಹತ್ತಿದರು. ಕಲಿಸುವವರು ಶಿಕ್ಷಕರಲ್ಲ ಅನ್ನೋದು ಅಡ್ಡಿಯಾಗಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಅರ್ಧ ಅಷ್ಟು ಚೆನ್ನಾಗಿಲ್ಲ. ಶಿಬಿರಕ್ಕೆ ಬಂದವರು ಹತ್ತರಲ್ಲಿ ಒಬ್ಬ ಮಗುವಿನಷ್ಟು ಮಾತ್ರ. ಕಲಿಸೋರು ಸಿಕ್ಕರು, ಕಲಿಯೋರು ಬರಲಿಲ್ಲ. ಎಷ್ಟೋ ಅಪ್ಪ ಅಮ್ಮನಿಗೆ ತಮ್ಮ ಮಗುವಿಗೆ ಓದು ಬರೋದಿಲ್ಲ ಅನ್ನೋದೇ ಗೊತ್ತಿರಲಿಲ್ಲ. ನಮ್ಮ ಕಡೆ ಬೇಸಿಗೆ ಶಿಬಿರ ಹಾಕುವವರೆಲ್ಲ ಈ ಅರ್ಧವನ್ನ ನೋಡಬೇಕು. ಕಾರ್ಯಕ್ರಮದ ಯೋಜನೆಯಲ್ಲಿ ಸ್ವಯಂಸೇವಕರ ಟೀ ಶರ್ಟಿಗೆ ಹಣ ಇರುತ್ತದೆ, ಉದ್ಘಾಟನೆಗೆ ಶಾಲು ಹಾರ ಇರುತ್ತದೆ. ಎಂಟು ವರ್ಷದ ಮಗು ಬೆಳಿಗ್ಗೆ ಯಾಕೆ ಎದ್ದು ಬರಬೇಕು ಅನ್ನೋದಕ್ಕೆ ಏನೂ ಇರೋದಿಲ್ಲ.

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಒಂದು ವರ್ಷ ಕಣ್ಣ ಮುಂದೆ ಇತ್ತು. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದರು. 2024ರ ಬೇಸಿಗೆ ರಜೆಯಲ್ಲಿ ಆ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಮುಂದುವರಿಸಿದರು. ಊಟ ಇದೆ ಅಂದರೆ ಮಕ್ಕಳು ಬಂದೇ ಬರುತ್ತಾರೆ. ಮಕ್ಕಳು ಶಾಲೆ ಅಂಗಳದಲ್ಲೇ ಇರುವಾಗ, ಊಟಕ್ಕೆ ಮುಂಚಿನ ಎರಡು ತಾಸು ಹೈಸ್ಕೂಲ್ ಅಕ್ಕ ಅಣ್ಣಂದಿರ ಜೊತೆ ಕೂರಿಸಿದ್ದರೆ ಖರ್ಚೇನೂ ಹೆಚ್ಚಾಗುತ್ತಿರಲಿಲ್ಲ. ಬರಗಾಲ ಬಂದಾಗ ಮಾತ್ರ ರಜೆಯ ಊಟ ಅನ್ನೋದಕ್ಕಿಂತ, ಗುಳೆ ಹೋಗೋ ತಾಲ್ಲೂಕುಗಳಲ್ಲಾದರೂ ಅದು ಕಾಯಂ ಆಗಬೇಕು ಅಂತ ನನ್ನ ಅಭಿಪ್ರಾಯ. ಊಟ ಇದ್ದರೆ ಗುಳೆ ಹೋಗೋ ಅಪ್ಪ ಅಮ್ಮ ಮಕ್ಕಳನ್ನ ಊರಲ್ಲೇ ಬಿಟ್ಟು ಹೋಗೋಕೂ ಒಂದು ಧೈರ್ಯ ಬರುತ್ತದೆ.

ಊಟ ಇಲ್ಲದ ವರ್ಷ ಏನು ಮಾಡೋದು? ಅಲ್ಲಿ ಓಣಿಯ ಲೆಕ್ಕ ಕೆಲಸ ಮಾಡುತ್ತದೆ. ಶಾಲೆಗೆ ಬನ್ನಿ ಅಂದರೆ ಬಾರದ ಮಗುವನ್ನ ಪಕ್ಕದ ಮನೆಯ ಅಕ್ಕ ಕೈಹಿಡಿದು ಕರಕೊಂಡು ಬರುತ್ತಾಳೆ. ಒಬ್ಬರಿಗೆ ನಾಲ್ಕೈದು ಮಕ್ಕಳು ಸಾಕು, ಅದೂ ಅವರ ಮನೆ ಸುತ್ತಲಿನವರೇ ಆಗಿರಬೇಕು. ಜಾಗ ಹನುಮಪ್ಪನ ಗುಡಿ ಕಟ್ಟೆ, ಮಸೀದಿ ಮುಂದಿನ ನೆರಳು, ಅಂಗನವಾಡಿ ವರಾಂಡ, ಯಾವುದಾದರೂ ಆದೀತು. ಬಾಗಿಲು ಹಾಕಿದ ಕೋಣೆ ಮಾತ್ರ ಬೇಡ. ನಾಲ್ಕು ಜನರ ಕಣ್ಣಿಗೆ ಬೀಳೋ ಜಾಗ, ಹತ್ತಿರದಲ್ಲಿ ಜವಾಬ್ದಾರಿ ಹೊತ್ತ ಒಬ್ಬ ದೊಡ್ಡವರು. ಚಿಕ್ಕವರ ಸುರಕ್ಷತೆಗೂ ಅದು ಬೇಕು, ಕಲಿಸೋ ಮಕ್ಕಳ ಸುರಕ್ಷತೆಗೂ ಬೇಕು.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. "ನಮ್ ಹುಡುಗಿಗಿ ಊರ ಉಸಾಬರಿ ಯಾಕ್ರಿ? ಮನ್ಯಾಗೇ ಕೆಲ್ಸ ಭಾಳ ಅದ" ಅನ್ನೋ ಅವ್ವಂದಿರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಅವರ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಮನೆಯಿಂದ ಹತ್ತು ಹೆಜ್ಜೆ ದೂರ, ಬೆಳಿಗ್ಗೆ ಎಲ್ಲರೂ ಎದ್ದಿರೋ ಹೊತ್ತು, ತಂಗಿ ಜೊತೆಗೇ ಇರುತ್ತಾಳೆ ಅಂದಾಗ ಅರ್ಧ ಜನ ಒಪ್ಪುತ್ತಾರೆ. ಇನ್ನೊಂದು ಲಾಭವೂ ಇದೆ, ಅದನ್ನ ಬಹಿರಂಗವಾಗಿ ಹೇಳಿಕೊಳ್ಳದಿದ್ದರೂ ನಡೆಯುತ್ತೆ. ಅಕ್ಷಯ ತೃತೀಯ ಬರೋದು ಇದೇ ರಜೆಯಲ್ಲಿ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿಯರಲ್ಲಿ ಕೆಲವರು ಜೂನ್‌ನಲ್ಲಿ ಶಾಲೆಗೆ ಬರೋದೇ ಇಲ್ಲ, ಮದುವೆ ಆಗಿಹೋಗಿರುತ್ತದೆ. ಟೀಚರಿಗೆ ಗೊತ್ತಾಗೋದು ಹಾಜರಿ ಕೂಗಿದಾಗ. ಪ್ರತಿದಿನ ಕಟ್ಟೆಗೆ ಬಂದು ಮಕ್ಕಳಿಗೆ ಓದಿಸ್ತಾ ಇದ್ದ ಹುಡುಗಿ ಎರಡು ದಿನ ಕಾಣಲಿಲ್ಲ ಅಂದರೆ ಯಾರಾದರೂ ಕೇಳುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋ ಕೆಲಸ ಮಾತ್ರ ದೊಡ್ಡವರದ್ದು. ಅವಳ ಗೆಳತಿಯರನ್ನ ಮುಂದೆ ಬಿಟ್ಟು ನಾವು ಹಿಂದೆ ನಿಲ್ಲೋದು ಬೇಡ.

ಮನೆಯಿಂದ ಹೊರಗೆ ಕಾಲಿಡೋಕೇ ಆಗದ ಹುಡುಗಿಗೂ ಒಂದು ಕೆಲಸ ಇದೆ. ಯಾದಗಿರಿಯಲ್ಲಿ 2011ರಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರ ಆಸುಪಾಸು ಇತ್ತು. ಕೇಂದ್ರದ 'ಉಲ್ಲಾಸ್' ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗೆ ಇದೆ. 15 ದಾಟಿದ, ಓದು ಬಾರದವರಿಗೆ ಅದು. ಪೂರ್ತಿ ಸ್ವಯಂಸೇವಕರನ್ನೇ ನಂಬಿಕೊಂಡಿದೆ, ವಿದ್ಯಾರ್ಥಿಗಳೂ ಕಲಿಸಬಹುದು. ಅವ್ವನಿಗೆ ಬಸ್ಸಿನ ಬೋರ್ಡು, ಬ್ಯಾಂಕ್ ಪಾಸ್‌ಬುಕ್, ಗುಳಿಗೆ ಚೀಟಿ ಓದೋಕೆ ಕಲಿಸೋದು ಮನೆಯಲ್ಲೇ ಕೂತು ಆಗೋ ಕೆಲಸ. ಜಾಥಾ, ಬ್ಯಾನರ್ ಯಾವುದೂ ಬೇಕಿಲ್ಲ.

ಉಳಿದ ಕೆಲಸಗಳು

ಓದು ಬಿಟ್ಟರೆ ಬೇರೇನೂ ಬೇಡ ಅಂತ ನಾನು ಹೇಳ್ತಾ ಇಲ್ಲ. ಅರವಟಿಗೆ ಇದೆ. ಕಲಬುರಗಿಯ ಬಸ್‌ಸ್ಟ್ಯಾಂಡ್, ಸೂಪರ್ ಮಾರ್ಕೆಟ್ ಕಡೆ ಬೇಸಿಗೆಯಲ್ಲಿ ಅರವಟಿಗೆ ಇಡೋ ಪದ್ಧತಿ ಹಳೆಯದು. ಉದ್ಘಾಟನೆಯ ದಿನ ಗಡಿಗೆಗೆ ಕುಂಕುಮ ಇರುತ್ತದೆ, ಹದಿನೈದು ದಿನದ ಮೇಲೆ ತಳದಲ್ಲಿ ಪಾಚಿ. ದಿನಾ ಬೆಳಿಗ್ಗೆ ಹೊಸ ನೀರು ತುಂಬಿಸೋದು, ಎರಡು ದಿನಕ್ಕೊಮ್ಮೆ ಗಡಿಗೆ ತಿಕ್ಕಿ ತೊಳೆಯೋದು, ಸುತ್ತಿದ ಗೋಣಿತಾಟು ಒದ್ದೆ ಮಾಡೋದು, ಗ್ಲಾಸನ್ನ ಗಡಿಗೆಯೊಳಗೆ ಅದ್ದದ ಹಾಗೆ ಉದ್ದ ಹಿಡಿಯ ಸೌಟು ಕಟ್ಟೋದು. ನಾಲ್ಕು ಹುಡುಗರು ಪಾಳಿ ಹಾಕಿಕೊಂಡರೆ ಆಗುತ್ತದೆ. ಅಲ್ಲೇ ಒಂದು ಹಲಗೆ ಬರೆದು ಹಾಕಬಹುದು. ಬಿಸಿಲಿನಿಂದ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆ ಸವರಿದ ಅಳತೆ. ಯಾರಾದರೂ ತೊದಲುತ್ತಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಅರ್ಜಿ ಕೆಲಸ. ಮೇ ತಿಂಗಳು ಅಂದರೆ ಸರ್ಟಿಫಿಕೇಟಿನ ಸೀಸನ್. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ ಅರ್ಹತಾ ಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿ. ಯಾವ ಕಾಗದ ಬೇಕು ಅಂತ ಗೊತ್ತಿಲ್ಲದೆ ಮೂರು ಮೂರು ಸಲ ಓಡಾಡೋರೇ ಜಾಸ್ತಿ. ಪಟ್ಟಿ ಓದಿ ಹೇಳೋದು, ಅರ್ಜಿಯಲ್ಲಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರೆದಿದೆಯಾ ನೋಡೋದು, ಇಷ್ಟನ್ನ ಹೈಸ್ಕೂಲ್ ಮಕ್ಕಳು ಚೆನ್ನಾಗಿ ಮಾಡುತ್ತಾರೆ. ಆದರೆ ಇನ್ನೊಬ್ಬರ ಫೋನ್ ಕೈಗೆ ತಗೊಂಡು ಒಟಿಪಿ ಹಾಕೋದು, ಬ್ಯಾಂಕ್ ಖಾತೆ ಮುಟ್ಟೋದು ಬೇಡವೇ ಬೇಡ. ಏನಾದರೂ ಹೆಚ್ಚುಕಡಿಮೆ ಆದರೆ ಆರೋಪ ಬರೋದು ಆ ಮಗುವಿನ ಮೇಲೆ.

ಯಾರು ನಡೆಸಬೇಕು?

ಹೊಸ ಸಂಘ, ಹೊಸ ಸಮಿತಿ ಬೇಕಿಲ್ಲ. ಗ್ರಾಮ ಪಂಚಾಯ್ತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವು ಅರಿವು ಕೇಂದ್ರಗಳು. 2020ರ 'ಓದುವ ಬೆಳಕು' ಅಭಿಯಾನದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಬೇಸಿಗೆ ಶಿಬಿರಗಳೂ ಅಲ್ಲಿ ನಡೆದಿವೆ. ಮಕ್ಕಳ ಪುಸ್ತಕ ಇದೆ, ಒಬ್ಬ ಗ್ರಂಥಾಲಯ ಮೇಲ್ವಿಚಾರಕರು ಇದ್ದಾರೆ. ಅವರ ಗೌರವಧನ ಎಷ್ಟು, ಅವರ ತಲೆ ಮೇಲೆ ಇರೋ ಬೇರೆ ಕೆಲಸ ಎಷ್ಟು ಅನ್ನೋದು ಬೇರೆ ಚರ್ಚೆ. ಆದರೆ ಬೆಳಿಗ್ಗೆ ಎರಡು ತಾಸಿನ ಈ ಕೆಲಸಕ್ಕೆ ಹೆಚ್ಚಿನ ಹಣ ಕೊಡದೆ ಅವರಿಂದಲೂ ಬಿಟ್ಟಿ ಮಾಡಿಸಿಕೊಳ್ಳೋದಾದರೆ ಮೇಲೆ ಹೇಳಿದ ಪ್ರಶ್ನೆ ಅವರಿಗೂ ಅನ್ವಯಿಸುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ 'ಅಕ್ಷರ ಆವಿಷ್ಕಾರ' ಅಂತ ಶಿಕ್ಷಣಕ್ಕೆ ದೊಡ್ಡ ಮೊತ್ತ ಇಡ್ತಾ ಇದೆ. ಅದರಲ್ಲಿ ಕಟ್ಟಡದ ಪಾಲಿನಿಂದ ಒಂದು ಚೂರು ಈ ಕಡೆ ಬಂದರೆ ಸಾಕು.

ಸರ್ಟಿಫಿಕೇಟ್ ಕೊಡಬೇಕಾ? ಕೊಡಿ, ತಪ್ಪಿಲ್ಲ. ಬಡವರ ಮನೆಯ ಹುಡುಗನಿಗೆ ಒಂದು ಕಾಗದದ ಬೆಲೆ ನಮಗಿಂತ ಜಾಸ್ತಿ ಗೊತ್ತು. ಆದರೆ ತಾಸು ಎಣಿಸಿ ಕೊಡಬೇಡಿ. ತಾಸು ಎಣಿಸೋಕೆ ಶುರು ಮಾಡಿದರೆ ತಾಸು ತುಂಬಿಸೋದೇ ಕೆಲಸ ಆಗುತ್ತದೆ, ಸುಳ್ಳು ಸಹಿಯೂ ಹುಟ್ಟುತ್ತದೆ. ಬದಲಿಗೆ ಆ ನಾಲ್ಕೈದು ಮಕ್ಕಳ ಹೆಸರು, ಏಪ್ರಿಲ್‌ನಲ್ಲಿ ಅವರು ಯಾವ ಮೆಟ್ಟಿಲಿನಲ್ಲಿದ್ದರು, ಮೇ ಕೊನೆಗೆ ಎಲ್ಲಿಗೆ ಬಂದರು, ಇಷ್ಟನ್ನ ಒಂದು ಹಾಳೆಯಲ್ಲಿ ಬರೆಸಿ. ಆ ಹಾಳೆ ಜೂನ್ ಮೊದಲ ವಾರ ಪ್ರೈಮರಿ ಶಾಲೆಯ ಕ್ಲಾಸ್ ಟೀಚರ್ ಕೈ ಸೇರಬೇಕು. ಇಲ್ಲದಿದ್ದರೆ ಟೀಚರು ಎಲ್ಲರಿಗೂ ಮೊದಲ ಪುಟದಿಂದಲೇ ಶುರು ಮಾಡುತ್ತಾರೆ, ಎರಡು ತಿಂಗಳ ಶ್ರಮ ಯಾರಿಗೂ ಗೊತ್ತೇ ಆಗೋದಿಲ್ಲ.

ಇದಕ್ಕೆಲ್ಲ ತಯಾರಿ ಆಗಬೇಕಾದ್ದು ಏಪ್ರಿಲ್‌ನಲ್ಲಲ್ಲ, ಮಾರ್ಚ್‌ನಲ್ಲಿ. ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಯೋ ಮೊದಲೇ ಹೈಸ್ಕೂಲಿನಲ್ಲಿ ಹೆಸರು ಬರೆಸಿಕೊಳ್ಳಬೇಕು. ಯಾರು ಗುಳೆ ಹೋಗ್ತಾರೆ, ಯಾರು ಊರಲ್ಲಿ ಇರ್ತಾರೆ ಅಂತ ಆಗಲೇ ಗೊತ್ತಾಗೋದು. ಪ್ರೈಮರಿ ಶಾಲೆಯ ಟೀಚರ್ ಊರು ಬಿಡೋ ಮೊದಲು ಮಕ್ಕಳ ಪಟ್ಟಿ ಕೊಡಬೇಕು. ರಜೆ ಶುರುವಾದ ಮೇಲೆ ಹೈಸ್ಕೂಲ್ ಶಿಕ್ಷಕರು ಮೌಲ್ಯಮಾಪನ, ಎಸ್‌ಎಸ್‌ಎಲ್‌ಸಿ ಪರೀಕ್ಷೆ-2ರ ಗಡಿಬಿಡಿಯಲ್ಲಿ ಇರುತ್ತಾರೆ, ಆಗ ಯಾರೂ ಕೈಗೆ ಸಿಗೋದಿಲ್ಲ. ಶಾಲೆಯ ಅಂಗಳ ಬಳಸೋದಾದರೆ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಬೆಳಿಗ್ಗೆ 6.30ಕ್ಕೆ ಯಾರು ಬಂದು ತೆಗೆಯುತ್ತಾರೆ, ಕುಡಿಯೋ ನೀರಿನ ಟ್ಯಾಂಕ್ ತುಂಬಿಸೋದು ಯಾರು ಅನ್ನೋದನ್ನ ಮಾರ್ಚ್ ತಿಂಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಹೆಸರು ಸಮೇತ ಬರೆಸಿಕೊಳ್ಳಿ.